"ಇದರಾಗ ಮೊದಲ ಯಾವುದು ಸವೀತೈತ್ರಿ?"

ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಬಂದು, ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ ನನ್ನ ಫೋನು ಬಿಡುವಿಲ್ಲದೆ ರಿಂಗಾಗುತ್ತದೆ. ಬಾಗಲಕೋಟೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು ನಾನು. ಬೀಗರು, ಓಣಿಯವರು, ಹಳೆಯ ವಿದ್ಯಾರ್ಥಿಗಳ ತಂದೆತಾಯಿ, ಎಲ್ಲರದೂ ಒಂದೇ ಪ್ರಶ್ನೆ. "ಮೇಡಂರೀ, ಮೂವತ್ತೈದು ಸಾವಿರದೊಳಗ ಯಾವ ಲ್ಯಾಪ್‌ಟಾಪ್ ಚಲೋ ಐತ್ರಿ? ಹೆಸರಷ್ಟ ಹೇಳ್ರಿ, ಹೋಗಿ ತಗೊಂಡ್ ಬರ್ತೀವಿ."

ಹೆಸರು ಹೇಳುವುದು ಸುಲಭ. ಆದರೆ ಇವತ್ತು ಹೇಳಿದ ಮಾಡೆಲ್ ಮುಂದಿನ ತಿಂಗಳು ಅಂಗಡಿಯಲ್ಲಿ ಇರುತ್ತದೆಂಬ ಖಾತ್ರಿ ಇಲ್ಲ. ಒಂದೇ ಹೆಸರಿನ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಸ್ಕ್ರೀನ್ ಇರುವುದೂ ಉಂಟು. ಅದಕ್ಕಿಂತ ಹೆಚ್ಚಾಗಿ, ಆ ರೊಕ್ಕ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಗೊತ್ತು. ಕಾಲೇಜು ಶುರುವಾಗುವುದು ಮಳೆಗಾಲದಲ್ಲಿ, ಕಬ್ಬಿನ ಬಿಲ್ ಕೈಗೆ ಬರುವುದು ಕಾರ್ಖಾನೆ ನುರಿಸಲು ಶುರು ಮಾಡಿದ ಮೇಲೆ. ನಡುವಿನ ತಿಂಗಳುಗಳಲ್ಲಿ ಸಂಘದಲ್ಲಿ ಸಾಲ ಎತ್ತಿಯೋ, ತಾಯಿಯ ಬಂಗಾರ ಅಡ ಇಟ್ಟೋ ಹೊಂದಿಸಿದ ಗಂಟು ಅದು. ಆ ಮನೆಯಲ್ಲಿ ಎರಡನೇ ಲ್ಯಾಪ್‌ಟಾಪಿನ ಮಾತು ಮುಂದಿನ ಮೂರು-ನಾಲ್ಕು ವರ್ಷ ಬರುವುದಿಲ್ಲ. ಹೀಗಾಗಿ ಒಂದು ಹೆಸರು ಹೇಳಿ ಫೋನ್ ಇಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಅಗ್ಗದ ಲ್ಯಾಪ್‌ಟಾಪ್ ಯಾವುದು ಅಂತ ಕೊಂಡ ದಿನ ಗೊತ್ತಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ರಿಪೋರ್ಟ್ ಅದರಲ್ಲೇ ಟೈಪ್ ಆಯಿತೋ, ಅದು ಅಗ್ಗ. ಎರಡನೇ ವರ್ಷಕ್ಕೆ ಮೂಲೆ ಸೇರಿತೋ, ಇಪ್ಪತ್ತು ಸಾವಿರಕ್ಕೆ ಸಿಕ್ಕಿದ್ದರೂ ತುಟ್ಟಿ.

ಈ ಲೆಕ್ಕವನ್ನು ನನಗೆ ಬಿಡಿಸಿ ತೋರಿಸಿದವರು ರಬಕವಿ-ಬನಹಟ್ಟಿ ಕಡೆಯ ಒಬ್ಬ ನೇಕಾರರು. ಮನೆಯಲ್ಲೇ ಪಾವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವವರು. ಮಗಳಿಗೆ ಬಿಸಿಎ ಸೀಟು ಸಿಕ್ಕಿ, ಹಾಸ್ಟೆಲಿಗೆ ಸೇರಿಸಿದ್ದರು. ಜೊತೆಗೆ ಬನ್ನಿ ಅಂದಾಗ ನವನಗರದ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ರೂಢಿಯಂತೆ ಶುರು ಮಾಡಿದ. ಐ3, 8 ಜಿಬಿ, 512 ಎಸ್‌ಎಸ್‌ಡಿ, ಬ್ಯಾಗ್ ಫ್ರೀ, ಮೌಸ್ ಫ್ರೀ. ಇವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದು ಕೈಯಿಂದ ಕೆಳಭಾಗ ಒತ್ತಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಮುಚ್ಚಳದ ಒಂದು ಮೂಲೆಯನ್ನಷ್ಟೇ ಹಿಡಿದು ನಿಧಾನಕ್ಕೆ ಎತ್ತಿದರು. ಮುಚ್ಚಳ ತುಸು ತಿರುಚಿಕೊಂಡು ಮೇಲೆದ್ದಿತು. ಮುಚ್ಚಿದರು. ಮತ್ತೆ ತೆರೆದರು, ಈ ಸಲ ಕಿವಿ ಹತ್ತಿರ ತಂದು.

"ಇದರಾಗ ಮೊದಲ ಯಾವುದು ಸವೀತೈತ್ರಿ?"

ಹುಡುಗ ನಕ್ಕ. "ಕಾಕಾ, ಇದೇನ್ ಮಗ್ಗ ಅಲ್ರಿ. ಇದರಾಗ ಸವಿಯೂದು ಏನೂ ಇಲ್ರಿ."

"ತಿರಗೂ ಜಾಗಾ ಅಂದಮ್ಯಾಲೆ ಸವೀಲೇಬೇಕಲ್ಲಪಾ. ಸವದ್ರ ಬನಹಟ್ಟ್ಯಾಗ ಯಾರ್ ಮಾಡಿಕೊಡ್ತಾರ? ಸಾಮಾನ ಇಲ್ಲೇ ಸಿಗತೈತೋ, ಬೆಂಗಳೂರಿಂದ ತರಸಬೇಕೋ?"

ಪ್ರೊಸೆಸರಿನ ಹೆಸರು ಗೊತ್ತಿಲ್ಲದ ಮನುಷ್ಯ ಕೇಳಿದ ಆ ಪ್ರಶ್ನೆಗಳಿಗಿಂತ ಒಳ್ಳೆಯ ಪ್ರಶ್ನೆಗಳನ್ನು ನಾನು ಇಷ್ಟು ವರ್ಷದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ದಿನವಿಡೀ ಯಂತ್ರದ ಜೊತೆ ಬದುಕುವವರಿಗೆ ಗೊತ್ತಿರುತ್ತದೆ, ಲಾಳಿ ಸವೆಯುತ್ತದೆ, ಪಟ್ಟಾ ಹರಿಯುತ್ತದೆ, ಅದು ಪೇಟೆಯಲ್ಲಿ ಸಿಗದಿದ್ದರೆ ಅಷ್ಟು ದಿನ ಕೂಲಿ ಇಲ್ಲ ಅಂತ.

ಅವರು ಕೈಯಿಟ್ಟ ಜಾಗವೂ ಸರಿಯಾದದ್ದೇ. ನಮ್ಮ ಲ್ಯಾಬಿಗೆ ಮಕ್ಕಳು ಹಿಡಿದುಕೊಂಡು ಬರುವ ಕೆಟ್ಟ ಲ್ಯಾಪ್‌ಟಾಪುಗಳಲ್ಲಿ ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲು, ಕಿತ್ತವೇ ಎದ್ದು ಕಾಣುತ್ತವೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಹಿಂಜ್ ಲೋಹದ್ದೇ ಇರುತ್ತದೆ, ಆದರೆ ಅದರ ತಿರುಪು ಕೂರುವುದು ಪ್ಲಾಸ್ಟಿಕ್ಕಿನಲ್ಲಿ ಹುಗಿದ ಸಣ್ಣ ಹಿತ್ತಾಳೆಯ ನಟ್ಟುಗಳಲ್ಲಿ. ಧೂಳು ಕೂತು ಹಿಂಜ್ ಬಿಗಿಯಾಯಿತೆಂದರೆ, ಪ್ರತಿ ಸಲ ತೆರೆದಾಗಲೂ ಆ ನಟ್ಟಿನ ಸುತ್ತಲಿನ ಪ್ಲಾಸ್ಟಿಕ್ ಮೇಲೆ ಒತ್ತಡ ಬೀಳುತ್ತದೆ. ಒಂದು ದಿನ ಟಕ್ ಅನ್ನುತ್ತದೆ. ಆಮೇಲೆ ಮೂಲೆ ಬಾಯಿಬಿಡುತ್ತದೆ, ಅಲ್ಲೇ ಹಾದುಹೋಗುವ ಸ್ಕ್ರೀನಿನ ವೈರು ಎಳೆದುಕೊಳ್ಳುತ್ತದೆ, ಸ್ಕ್ರೀನ್ ಮಿಣುಕುತ್ತದೆ. ಮೂಲೆಯಿಂದ ಎತ್ತುವ ಬದಲು ಮುಚ್ಚಳದ ನಡುವೆ ಹಿಡಿದು ಎತ್ತಿದರೆ ಹಿಂಜಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ. ಹೊಸ ಯಂತ್ರ ತಂದ ಪ್ರತಿ ಹುಡುಗನಿಗೂ ಹುಡುಗಿಗೂ ಇದನ್ನು ನಾನು ಮೊದಲ ದಿನವೇ ಕೈಯಾರೆ ತೋರಿಸುತ್ತೇನೆ. ಅಂಗಡಿಯಲ್ಲಿ ನೀವೂ ಆ ನೇಕಾರರ ಹಾಗೆ ಮೂಲೆ ಹಿಡಿದು ಎತ್ತಿ ನೋಡಿ. ಮುಚ್ಚಳ ಬಹಳ ಬಳುಕಿದರೆ, ಕೀಲಿಮಣೆಯ ನಡುವೆ ಬೆರಳಿಂದ ಒತ್ತಿದಾಗ ತಗ್ಗಾಗುತ್ತಿದ್ದರೆ, ಬೇರೆ ಮಾಡೆಲ್ ತೋರಿಸಲು ಹೇಳಿ.

ಎರಡನೆಯದು ಬ್ಯಾಟರಿ. ಅದು ಸವೆದೇ ಸವೆಯುತ್ತದೆ, ಯಾವ ಕಂಪನಿಯದಾದರೂ ಸರಿ. ಲಿಥಿಯಂ ಬ್ಯಾಟರಿಗೆ ಎರಡು ಸಂಗತಿ ಆಗಿಬರುವುದಿಲ್ಲ, ಬಿಸಿ ಮತ್ತು ಸದಾ ನೂರಕ್ಕೆ ನೂರು ತುಂಬಿರುವುದು. ಏಪ್ರಿಲ್-ಮೇನಲ್ಲಿ ನಮ್ಮ ಬಾಗಲಕೋಟೆ, ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯಲ್ಲಿ, ಹಾಸಿಗೆಯ ಮೇಲಿಟ್ಟುಕೊಂಡು, ಚಾರ್ಜರ್ ಚುಚ್ಚಿಯೇ ಇಡೀ ದಿನ ಕೆಲಸ ಮಾಡಿದರೆ ಎರಡೂ ಒಟ್ಟಿಗೆ ಆಗುತ್ತವೆ. ಈಗಿನ ಬಹಳಷ್ಟು ಕಂಪನಿಗಳ ಯಂತ್ರದಲ್ಲಿ 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿಕೊಂಡರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಕರೆಂಟ್ ಹೋಗುತ್ತದೆ ಅನ್ನುವ ದಿನ ಮಾತ್ರ ಪೂರ್ತಿ ತುಂಬಿಸಿ. ಕೊಳ್ಳುವಾಗ ಕೇಳಬೇಕಾದ್ದು ಇಷ್ಟೇ: ಕೆಳಗಿನ ತಿರುಪು ಬಿಚ್ಚಿ ಬ್ಯಾಟರಿ ಬದಲಾಯಿಸಲು ಬರುತ್ತದೆಯೇ, ಆ ಮಾಡೆಲಿನ ಬ್ಯಾಟರಿ ಪೇಟೆಯಲ್ಲಿ ಸಿಗುತ್ತದೆಯೇ. ವಾರಂಟಿ ಚೀಟಿಯನ್ನೂ ಓದಿ. ಯಂತ್ರಕ್ಕೆ ಮೂರು ವರ್ಷ ಅಂತ ದೊಡ್ಡದಾಗಿ ಬರೆದಿದ್ದರೂ ಬ್ಯಾಟರಿ, ಅಡಾಪ್ಟರ್‌ಗೆ ಒಂದೇ ವರ್ಷ ಅಂತ ಕೆಳಗೆ ಸಣ್ಣದಾಗಿ ಇರುವುದು ಸಾಮಾನ್ಯ.

ಆ ಬನಹಟ್ಟಿಯ ಮನೆಗೆ ಸಂಬಂಧಪಟ್ಟ ಇನ್ನೊಂದು ಸಂಗತಿ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಮಗ್ಗದ ಮನೆಯ ಗಾಳಿಯಲ್ಲಿ ನೂಲಿನ ಎಳೆ ತೇಲಾಡುತ್ತಿರುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಕೆಳಗಿನಿಂದ ಗಾಳಿ ಎಳೆದು ಪಕ್ಕದಿಂದಲೋ ಹಿಂದಿನಿಂದಲೋ ಬಿಸಿ ಹೊರಹಾಕುತ್ತದೆ. ಎಳೆ ಒಳಗೆ ಹೋಗಿ ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ತೆಳು ಪಟ್ಟಿಗಳಿಗೂ ನಡುವೆ ಕೂತು, ದಿನ ಕಳೆದಂತೆ ಕಂಬಳಿಯ ತುಂಡಿನಂತೆ ಗಟ್ಟಿಯಾಗುತ್ತದೆ. ನೇಕಾರರ ಮನೆಯಿಂದ ಬಂದ ಒಂದು ಯಂತ್ರ ಬಿಚ್ಚಿದಾಗ ಚಿಮಟಿಗೆಯಲ್ಲಿ ಹಿಡಿದು ಎಳೆದರೆ ಇಡೀ ಪದರ ಒಂದೇ ಹಾಳೆಯಾಗಿ ಎದ್ದು ಬಂತು, ಬೂದು ಬಣ್ಣದ್ದು, ಅದರಲ್ಲಿ ಕೆಂಪು ಎಳೆಗಳು. ಗಾಳಿ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಆಗ ಮಗು ಅನ್ನುತ್ತದೆ, "ಮಷೀನ್ ಸ್ಲೋ ಆಗೇತ್ರಿ, ಹೊಸಾದು ಬೇಕ್ರಿ." ಬೇಕಾದದ್ದು ವರ್ಷಕ್ಕೊಮ್ಮೆ ಬಿಚ್ಚಿ ಧೂಳು ಹೊಡೆಯುವುದು, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಬದಲಾಯಿಸುವುದು. ಹತ್ತಿ ಜಿನ್ನಿಂಗ್ ಇರುವ ಊರು, ಸಿಮೆಂಟ್ ಕಾರ್ಖಾನೆಯ ಹತ್ತಿರದ ಮನೆ, ಎಲ್ಲಕ್ಕೂ ಇದೇ ಮಾತು.

ಕರೆಂಟಿನ ಬಗ್ಗೆ ಬಹಳ ಜನ ಹೆದರುತ್ತಾರೆ, ಸ್ಟೆಬಿಲೈಜರ್ ಬೇಕೇ ಅಂತ. ಬೇಡ. ಅಡಾಪ್ಟರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ, ನಮ್ಮ ಹಳ್ಳಿಯ ಲೋ ವೋಲ್ಟೇಜನ್ನು ಅದು ತಡೆದುಕೊಳ್ಳುತ್ತದೆ. ಹಾಗೆ ನೋಡಿದರೆ, ಕರೆಂಟ್ ಬಂದು ಹೋಗುವ ಊರಿನಲ್ಲಿ ಅದೇ ದುಡ್ಡಿಗೆ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ವಾಸಿ ಅನ್ನುವುದಕ್ಕೆ ಇದೂ ಒಂದು ಕಾರಣ, ಯುಪಿಎಸ್ ಖರ್ಚು ಉಳಿಯುತ್ತದೆ. ನೋಡಬೇಕಾದ್ದು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಜೋಡಣೆ ಹಾಕಿ ಚುಚ್ಚಿದರೆ, ಅಥವಾ ಗೋಡೆಯ ಬೋರ್ಡಿನಲ್ಲಿ ಅರ್ಥ್ ವೈರೇ ಇಲ್ಲದಿದ್ದರೆ, ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟಾಗ ಜುಮು ಜುಮು ಅನ್ನುತ್ತದೆ. ಯಂತ್ರ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ದವರಿದ್ದಾರೆ. ಯಂತ್ರದ್ದಲ್ಲ ಅದು, ಮನೆಯ ವೈರಿಂಗಿನದ್ದು. ವೈರಮನ್ ಕರೆಸಿ ಒಂದು ಸಾಕೆಟ್ಟಿಗಾದರೂ ಸರಿಯಾದ ಅರ್ಥ್ ಕೊಡಿಸಿ.

ಇನ್ನು ನೇಕಾರರ ಎರಡನೇ ಪ್ರಶ್ನೆ, ಯಾರು ಮಾಡಿಕೊಡುತ್ತಾರೆ ಅನ್ನುವುದು. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಊರಿನ ಪಿನ್‌ಕೋಡ್ ಹಾಕಿದರೆ ಹತ್ತಿರದ ಸರ್ವಿಸ್ ಸೆಂಟರ್ ಯಾವುದು ಅಂತ ತೋರಿಸುತ್ತದೆ. ಕೊಳ್ಳುವ ಮೊದಲು ಹಾಕಿ ನೋಡಿ. ಜಮಖಂಡಿಯವರಿಗೆ ಬೆಳಗಾವಿ ತೋರಿಸಿತೋ, ಹುನಗುಂದದವರಿಗೆ ಹುಬ್ಬಳ್ಳಿ ತೋರಿಸಿತೋ, ಅಷ್ಟು ದೂರದ ಬಸ್ಸು, ಒಂದು ದಿನದ ಕೂಲಿ, ಮತ್ತೆ ತರಲು ಇನ್ನೊಂದು ದಿನ, ಇಷ್ಟನ್ನೂ ಬೆಲೆಗೆ ಕೂಡಿಸಿ. ವಾರಂಟಿ ಆನ್‌ಸೈಟ್ ಇದ್ದರೆ ಕಂಪನಿಯವನೇ ಮನೆಗೆ ಬರುತ್ತಾನೆ. ಕ್ಯಾರಿ-ಇನ್ ಇದ್ದರೆ ನಾವೇ ಹೊತ್ತೊಯ್ಯಬೇಕು. ಬೆಲೆಯಲ್ಲಿ ಒಂದೆರಡು ಸಾವಿರ ಹೆಚ್ಚಾದರೂ ನಮ್ಮ ಕಡೆಯವರಿಗೆ ಆನ್‌ಸೈಟ್ ಇರುವುದೇ ಲಾಭ. ವಾರಂಟಿ ಮುಗಿದ ಮೇಲೆ ಕೈಹಿಡಿಯುವವರು ನಮ್ಮ ಪೇಟೆಯ ರಿಪೇರಿ ಅಂಗಡಿಯವರೇ. ಕೊಳ್ಳುವ ಮೊದಲೇ ಅವರ ಹತ್ತಿರ ಹೋಗಿ, "ಅಣ್ಣಾರ, ಯಾವ ಮಾಡೆಲಿನ ಕೀಬೋರ್ಡ್, ಹಿಂಜ್ ನಿಮ್ಮ ಹತ್ರ ಸಿಗತಾವ್ರಿ?" ಅಂತ ಕೇಳಿ. ಅವರು ಹೇಳುವ ಹೆಸರಿನಲ್ಲಿ ತೂಕ ಇರುತ್ತದೆ, ಅವರಿಗೆ ಅದನ್ನು ನಿಮಗೆ ಮಾರುವುದಿರುವುದಿಲ್ಲ.

ಸವೆಯದೆಯೂ ಸಾಲದಾಗುವ ಭಾಗಗಳಿವೆ, ಆ ಮಾತು ನೇಕಾರರಿಗೆ ನಾನು ಹೇಳಬೇಕಾಯಿತು. ಮುಖ್ಯವಾಗಿ ರ‍್ಯಾಮ್, ಅಂದರೆ ತೆರೆದಿಟ್ಟ ಕೆಲಸವನ್ನೆಲ್ಲ ಯಂತ್ರ ಹಿಡಿದಿಟ್ಟುಕೊಳ್ಳುವ ಮೆಮೊರಿ. ವಿಂಡೋಸ್ 11 ಸುಮ್ಮನೆ ಎದ್ದು ಕೂರುವುದಕ್ಕೇ 8 ಜಿಬಿಯಲ್ಲಿ ಸುಮಾರು ಅರ್ಧ ತಿನ್ನುತ್ತದೆ. ಮೊದಲ ವರ್ಷದ ಸಿ ಪ್ರೋಗ್ರಾಮಿಂಗಿಗೆ, ವರ್ಡ್-ಎಕ್ಸೆಲ್‌ಗೆ ಉಳಿದದ್ದು ಸಾಕು. ಐದನೇ ಸೆಮಿಸ್ಟರಿಗೆ ಫೋನಿನ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಸ್ಕ್ರೀನಿನಲ್ಲೇ ಫೋನ್ ಓಡಿಸಿ ತೋರಿಸುವ ಎಮ್ಯುಲೇಟರ್ ಹಚ್ಚಿದಾಗ 8 ಜಿಬಿ ಏದುಸಿರು ಬಿಡುತ್ತದೆ. ಅದಕ್ಕೆ ನಾವು ಬಹಳ ವರ್ಷ ಒಂದೇ ಉಪಾಯ ಹೇಳುತ್ತಿದ್ದೆವು: ಈಗ 8 ತಗೊಳ್ಳಿ, ಮುಂದೆ ಇನ್ನೊಂದು 8 ಹಾಕಿಸಿ. 2025ರ ಕೊನೆಯ ಹೊತ್ತಿಗೆ ಆ ಲೆಕ್ಕ ಬುಡಮೇಲಾಯಿತು. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿ ಚಿಪ್ಪುಗಳ ಕಡೆ ತಯಾರಕರು ಹೊರಳಿದ್ದರಿಂದ ಸಾಮಾನ್ಯರ ರ‍್ಯಾಮ್ ದರ ಏರಿತು. "ಮುಂದೆ ನೋಡೋಣ" ಅನ್ನುವುದು ಮೊದಲಿನಷ್ಟು ಅಗ್ಗದ ಮಾತಲ್ಲ ಈಗ. 16 ಜಿಬಿ ಇರುವ ಯಂತ್ರ ಕೈಗೆಟಕುವ ಬೆಲೆಯಲ್ಲಿ ಸಿಕ್ಕರೆ ಮೊದಲೇ ತಗೊಂಡುಬಿಡುವುದು ಒಳ್ಳೆಯದು. ಆಗದಿದ್ದರೆ ಕನಿಷ್ಠ ಖಾಲಿ ಸ್ಲಾಟ್ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಕೆಲವು ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಯಾರೂ ಏನೂ ಮಾಡಲು ಬರುವುದಿಲ್ಲ. ಕಡಿಮೆ ಬೆಲೆಯಲ್ಲಿ ಬಹಳ ಓಡುವ ರೈಜನ್ 3 7320ಯು ಪ್ರೊಸೆಸರಿನ ಯಂತ್ರಗಳು ಇಂಥವೇ. 8 ಜಿಬಿ ಅಂದರೆ ಕೊನೆತನಕ 8 ಜಿಬಿ.

ಅಂಗಡಿಯ ಹುಡುಗನಿಗೆ ನೇಕಾರರು ಕೇಳಿದ್ದು, "ಇದನ್ನ ಬಿಚ್ಚಾಕ ಬರ್ತೈತೇನಪಾ?" ಬರುತ್ತದೆ ಅಂದದ್ದನ್ನೇ ತಗೊಂಡರು. ಎರಡು ಸಾವಿರ ಹೆಚ್ಚಾಯಿತು, ಬ್ಯಾಗು ಸಿಗಲಿಲ್ಲ.

ಪ್ರೊಸೆಸರಿನ ವಿಷಯದಲ್ಲಿ ನಮ್ಮ ಜನ ಹೆಚ್ಚು ಮೋಸಹೋಗುವುದು ಇಂಟೆಲ್ ಕಂಪನಿಯ ಐ3, ಐ5, ಐ7 ಅನ್ನುವ ಅಂಕಿಯಲ್ಲಿ. ದೊಡ್ಡ ಅಂಕಿ ಅಂದರೆ ದೊಡ್ಡ ಯಂತ್ರ ಅಂತ ತಿಳಿಯುತ್ತಾರೆ. 2017ರ ಕೋರ್ ಐ5-8250ಯುಗಿಂತ 2022ರ ಐ3-1215ಯು ಸ್ಪಷ್ಟವಾಗಿ ಚುರುಕು. ಅಡ್ಡಗೆರೆಯ ನಂತರದ ಅಂಕಿ ಓದಬೇಕು: 8ರಿಂದ ಶುರುವಾದರೆ ಎಂಟನೇ ತಲೆಮಾರು, 12ರಿಂದ ಶುರುವಾದರೆ ಹನ್ನೆರಡನೇದು. ಇಂಟೆಲ್ ತನ್ನ ಹೊಸ ಪ್ರೊಸೆಸರುಗಳ ಹೆಸರಿನಿಂದ ಆ 'ಐ' ಅಕ್ಷರವನ್ನೇ ತೆಗೆಯುವುದಾಗಿ 2023ರಲ್ಲಿ ಹೇಳಿತು. ಈಗ ಬರೀ ಕೋರ್ 3, ಕೋರ್ 5, ಕೋರ್ ಅಲ್ಟ್ರಾ ಅಂತ ಬರುತ್ತವೆ. ರೈಜನ್ ಪ್ರೊಸೆಸರ್ ಮಾಡುವ ಎಎಮ್‌ಡಿ ಕಂಪನಿಯ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು. 7520ಯು ಅನ್ನುವುದರಲ್ಲಿ ಅದು 2, ಅಂದರೆ ಒಳಗಿರುವುದು ಝೆನ್ 2, 2019ರ ವಿನ್ಯಾಸ. 7530ಯು ಅಂದರೆ ಝೆನ್ 3. ಡಬ್ಬಿಯ ಮೇಲೆ ಎರಡಕ್ಕೂ ರೈಜನ್ 5 ಅಂತಲೇ ಇರುತ್ತದೆ, ಅಂಕಿಯಲ್ಲಿ ಹತ್ತರ ವ್ಯತ್ಯಾಸ, ಆದರೆ ಮೊದಲನೆಯದರಲ್ಲಿ ಕೆಲಸ ಮಾಡುವ ಕೋರ್‌ಗಳು ನಾಲ್ಕು, ಎರಡನೆಯದರಲ್ಲಿ ಆರು. ಸೆಲೆರಾನ್ ಪ್ರೊಸೆಸರ್, 64 ಅಥವಾ 128 ಜಿಬಿಯ ಇಎಮ್‌ಎಮ್‌ಸಿ (ಎಸ್‌ಎಸ್‌ಡಿಗಿಂತ ನಿಧಾನದ ಸ್ಟೋರೇಜ್) ಇರುವ ಯಂತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾಲ್ಕು ವರ್ಷದ ಕೋರ್ಸಿಗೆ ತರಬೇಡಿ. ವಿಂಡೋಸ್ ಮತ್ತು ಅದರ ಅಪ್‌ಡೇಟುಗಳೇ ಬಹಳ ಜಾಗ ತಿಂದು, ಕೆಲಸಕ್ಕೆ ಉಳಿಯುವುದು ಕಡಿಮೆ.

ಸ್ಕ್ರೀನಿಗೆ ಒಂದೇ ಪರೀಕ್ಷೆ: ತೆರೆದಿಟ್ಟು ಪಕ್ಕಕ್ಕೆ ಹೋಗಿ ನಿಲ್ಲಿ. ಬಣ್ಣ ತಿರುಗಿ ಮಾಸಲಾದರೆ ಬೇಡ. ರೆಸಲ್ಯೂಶನ್ 1920 ಅಡ್ಡ 1080, ಅಂದರೆ ಫುಲ್ ಎಚ್‌ಡಿ, ಇರಲಿ.

ಯಾವ ಕೋರ್ಸು ಅನ್ನುವುದನ್ನು ಕೇಳದೆ ಈ ಯಾವ ಮಾತೂ ಪೂರ್ತಿಯಾಗುವುದಿಲ್ಲ. ಬಿಕಾಂ ಮಗುವಿಗೆ ಟ್ಯಾಲಿ, ಎಕ್ಸೆಲ್ ಸಾಕು, ಸಾಧಾರಣ ಯಂತ್ರ ನಡೆಯುತ್ತದೆ. ಬಿಎ ಕನ್ನಡ ಮಾಡುವವರಿಗೆ ಟೈಪಿಂಗ್ ಮುಖ್ಯ, ಕೀಲಿಮಣೆ ಗಟ್ಟಿಯಾಗಿರಲಿ. ನುಡಿ ತಂತ್ರಾಂಶ ಹಾಕಿಕೊಂಡರೂ ಸರಿ, ವಿಂಡೋಸಿನಲ್ಲೇ ಇರುವ ಕನ್ನಡ ಕೀಬೋರ್ಡ್ ಬಳಸಿದರೂ ಸರಿ, ಯುನಿಕೋಡಿನಲ್ಲಿ ಟೈಪ್ ಮಾಡುವುದನ್ನೇ ರೂಢಿಸಿಕೊಳ್ಳಲಿ. ಬೆಳಗಾವಿಯ ವಿಟಿಯು ಅಡಿಯಲ್ಲಿ ಸಿವಿಲ್, ಮೆಕ್ಯಾನಿಕಲ್ ಓದುವವರ ಮನೆಯಲ್ಲಿ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಚರ್ಚೆ ಏಳುತ್ತದೆ. ಅಣ್ಣನ ಮಗನೊಬ್ಬ ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ ಬೇಕು ಅಂತ ಹಟ ಹಿಡಿದಾಗ ಕೇಳಿದೆ, ಮೊದಲ ಎರಡು ಸೆಮಿಸ್ಟರಿನಲ್ಲಿ ಅದರಿಂದ ಏನು ಮಾಡುತ್ತೀ ಅಂತ. ಮೊದಲ ವರ್ಷದ ಕ್ಯಾಡ್ ಡ್ರಾಯಿಂಗ್ ಕಾಲೇಜಿನ ಲ್ಯಾಬಿನಲ್ಲೇ ಆಗುತ್ತದೆ. ಎರಡು ಆಯಾಮದ ಆಟೋಕ್ಯಾಡ್‌ಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕು. ರೆವಿಟ್, ಸಾಲಿಡ್‌ವರ್ಕ್ಸ್‌ನಲ್ಲಿ ಮೂರು ಆಯಾಮದ ದೊಡ್ಡ ಮಾದರಿ ಕಟ್ಟುವ ಹೊತ್ತಿಗೆ ಕಾರ್ಡು ಬೇಕಾಗುತ್ತದೆ, ಅದು ನಿಜ. ಆದರೆ ಆ ಕಾರ್ಡಿನ ಜೊತೆ ಎರಡು ಕಿಲೋ ಮೀರಿದ ತೂಕ, ಇಟ್ಟಿಗೆಯಂಥ ಅಡಾಪ್ಟರ್, ಬೇಗ ಬರಿದಾಗುವ ಬ್ಯಾಟರಿ ಕೂಡ ಬರುತ್ತವೆ.

ತೂಕವನ್ನು ಹಗುರಾಗಿ ತಗೊಳ್ಳಬೇಡಿ. ಬಾದಾಮಿ, ಗುಳೇದಗುಡ್ಡ, ಬೀಳಗಿಯಿಂದ ದಿನಾ ಬಾಗಲಕೋಟೆಗೆ ಓಡಾಡುವ ಹುಡುಗಿಯರನ್ನು ನಾನು ನೋಡುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಎಷ್ಟೋ ಮನೆಗಳು ಹಾಸ್ಟೆಲ್ ಖರ್ಚು ಉಳಿಸಿ ಮಗಳನ್ನು ಬಸ್ಸಿನಲ್ಲೇ ಕಳಿಸುವ ಧೈರ್ಯ ಮಾಡಿದವು. ಅದು ನಮ್ಮ ಭಾಗಕ್ಕೆ ದೊಡ್ಡ ಸಂಗತಿ. ಬೆಳಗಿನ ಬಸ್ಸಿನಲ್ಲಿ ನಿಂತು ಬರಬೇಕು, ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ರೊಟ್ಟಿ ಡಬ್ಬಿ, ರೆಕಾರ್ಡ್ ಬುಕ್ಕು, ಲ್ಯಾಪ್‌ಟಾಪು. ಗದ್ದಲದಲ್ಲಿ ಸ್ಟೀಲ್ ಡಬ್ಬಿಯ ಅಂಚು ಮುಚ್ಚಳಕ್ಕೆ ಒತ್ತಿ ಸ್ಕ್ರೀನಿನಲ್ಲಿ ಜೇಡರ ಬಲೆಯಂತೆ ಬಿರುಕು ಬಿಟ್ಟ ಯಂತ್ರಗಳು ನನ್ನ ಮೇಜಿಗೆ ಬಂದಿವೆ. ಒಂದೂವರೆ ಕಿಲೋ ಆಸುಪಾಸಿನದ್ದು, 14 ಇಂಚಿನದ್ದು ಈ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಡಬ್ಬಿಗೆ ಬೇರೆ ಕೈಚೀಲ ಇರಲಿ. ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುವ ಯಂತ್ರವಾದರೆ ಇನ್ನೂ ಒಳ್ಳೆಯದು, 65 ವಾಟಿನ ಒಂದೇ ಚಾರ್ಜರಿನಲ್ಲಿ ಫೋನೂ ನಡೆಯುತ್ತದೆ, ಅದು ಕೆಟ್ಟರೆ ಸಣ್ಣ ಊರಿನಲ್ಲೂ ಇನ್ನೊಂದು ಸಿಗುತ್ತದೆ.

ಯಾವಾಗ ಕೊಳ್ಳಬೇಕು ಅನ್ನುವುದರಲ್ಲಿ ನನ್ನದು ಸ್ವಲ್ಪ ಬೇರೆ ಮಾತು. ಮನೆಯಿಂದ ಓಡಾಡುವ ಮಗು, ಕಾಲೇಜಿನಲ್ಲಿ ಲ್ಯಾಬ್ ಚೆನ್ನಾಗಿದೆ ಅಂತಾದರೆ ಅಡ್ಮಿಷನ್ ಆದ ವಾರವೇ ಓಡಬೇಕಾಗಿಲ್ಲ. ದಸರಾ-ದೀಪಾವಳಿ ಹೊತ್ತಿಗೆ ದರ ಇಳಿಯುವುದುಂಟು, ಅಷ್ಟರಲ್ಲಿ ಮೇಷ್ಟ್ರು ಯಾವ ಸಾಫ್ಟ್‌ವೇರ್ ಕೇಳುತ್ತಾರೆ ಅನ್ನುವುದೂ ತಿಳಿದಿರುತ್ತದೆ, ಬ್ರ್ಯಾಂಚ್ ಬದಲಾದರೆ ಅದೂ ಮುಗಿದಿರುತ್ತದೆ. ಹಾಸ್ಟೆಲಿನ ಮಗುವಿಗೆ ಮಾತ್ರ ಕಾಯಿಸಬೇಡಿ. ಲ್ಯಾಬ್ ಸಂಜೆ ಮುಚ್ಚುತ್ತದೆ, ಹುಡುಗಿಯರ ಹಾಸ್ಟೆಲಿನ ಗೇಟು ಅದಕ್ಕಿಂತ ಬಹಳ ತಡವಾಗಿ ಏನೂ ಮುಚ್ಚುವುದಿಲ್ಲ. ಗೆಳತಿಯ ಯಂತ್ರ ಬಿಡುವಾಗುವವರೆಗೆ ಕಾದು ಕಲಿಯುವ ಹುಡುಗಿ, ತಪ್ಪು ಮಾಡಿ ಮಾಡಿ ಕಲಿಯುವ ಅವಕಾಶ ಕಳಕೊಳ್ಳುತ್ತಾಳೆ. ಪ್ರೋಗ್ರಾಮಿಂಗ್ ಬರುವುದೇ ಹಾಗೆ, ಹತ್ತು ಸಲ ಎರರ್ ಬಂದ ಮೇಲೆ. ಬೇರೆಯವರ ಯಂತ್ರದಲ್ಲಿ ಹತ್ತು ಸಲ ಎರರ್ ಬರಿಸಿಕೊಂಡು ಕೂರಲು ಯಾರಿಗೂ ಸಂಕೋಚ ಆಗುತ್ತದೆ. ಮಗನಿಗಾದರೆ ತಂದು ಕೊಟ್ಟು, ಮಗಳಿಗೆ "ಫೋನ್ ಐತಲ್ಲ" ಅನ್ನುವ ಮನೆಗಳನ್ನು ಕಂಡಾಗ ನನಗೆ ನೋವಾಗುತ್ತದೆ. ಫೋನಿನಲ್ಲಿ ವಿಡಿಯೋ ನೋಡಬಹುದು, ಪ್ರಾಜೆಕ್ಟ್ ಕಟ್ಟಲಾಗುವುದಿಲ್ಲ.

ರೊಕ್ಕದ ದಾರಿ ಹೇಳಬೇಕೆಂದರೆ, ಶಿಕ್ಷಣ ಸಾಲ ತೆಗೆಯುವವರಿಗೆ ಒಂದು ಸಂಗತಿ ಗೊತ್ತಿರಲಿ. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನಿನ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರಿನ ಖರ್ಚನ್ನೂ ಸಾಲದಲ್ಲಿ ಸೇರಿಸಲು ಅವಕಾಶವಿದೆ. ಫೀ ಮತ್ತು ಹಾಸ್ಟೆಲ್ ಅಷ್ಟೇ ಬರೆದು ಅರ್ಜಿ ಕೊಟ್ಟು, ಲ್ಯಾಪ್‌ಟಾಪಿಗೆ ಹೊರಗೆ ಹೆಚ್ಚು ಬಡ್ಡಿಯ ಸಾಲ ಮಾಡುವವರು ಬಹಳ. ಅರ್ಜಿ ಕೊಡುವಾಗಲೇ ಮ್ಯಾನೇಜರನ್ನು ಕೇಳಿ, ಕೊಟೇಶನ್ ಹಚ್ಚಿ. ಬಡ್ಡಿ ಇಲ್ಲದ ಕಂತು ಅನ್ನುವ ಬೋರ್ಡಿನ ಬಗ್ಗೆ ಎಚ್ಚರ ಇರಲಿ. ಶೂನ್ಯ ಬಡ್ಡಿಯ ಇಂಥ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ತಡೆದಿತ್ತು. ಈಗ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಅಂಗಡಿಯವರು ರಿಯಾಯಿತಿಯಾಗಿ ತೋರಿಸುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಮ್ಮ ಮೇಲೆ ಬೀಳುತ್ತದೆ. ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಒಂದು ಮಾತು ಕೇಳಿದರೆ ನಿಜವಾದ ಬೆಲೆ ಹೊರಬೀಳುತ್ತದೆ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಪ್ರತಿಶತ. ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ ಅನ್ನುವವರೂ ಇರುತ್ತಾರೆ. ಬಿಲ್ ಇಲ್ಲದ ಯಂತ್ರಕ್ಕೆ ನಾಳೆ ವಾರಂಟಿ ಕೇಳುವುದು ಕಷ್ಟ.

ಬಜೆಟ್ ಇಪ್ಪತ್ತು-ಇಪ್ಪತ್ತೈದು ಸಾವಿರ ಮೀರುವುದಿಲ್ಲ ಅಂದರೆ ನಾನು ಹೊಸದರ ಬದಲು ಹಳೆಯದನ್ನು ಹೇಳುತ್ತೇನೆ, ಅದೂ ಕಂಪನಿಗಳಲ್ಲಿ ಬಳಸಿದ್ದು. ಬೆಂಗಳೂರಿನ ಕಚೇರಿಗಳು ಕೆಲವು ವರ್ಷಕ್ಕೊಮ್ಮೆ ಯಂತ್ರ ಬದಲಾಯಿಸುತ್ತವೆ, ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಅನ್ನುವ ಸರಣಿಗಳು ಆಗ ಹೊರಗೆ ಬರುತ್ತವೆ. ಹೊಸದಾಗಿದ್ದಾಗ ನಮ್ಮ ಕೈಗೆಟಕದ ಬೆಲೆಯವು. ಹಿಂಜ್ ಗಟ್ಟಿ, ಕೀಲಿಮಣೆ ಚಂದ, ಬಹಳಷ್ಟರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬಿಚ್ಚಿ ಬದಲಾಯಿಸಬಹುದು. ಥಿಂಕ್‌ಪ್ಯಾಡ್ ಟಿ480ರಲ್ಲಂತೂ ರ‍್ಯಾಮಿಗೆ ಎರಡು ಸ್ಲಾಟ್, ಹೊರಗಿನಿಂದಲೇ ತೆಗೆದು ಹಾಕಬಹುದಾದ ಬ್ಯಾಟರಿ. ಆದರೆ ಒಂದು ಗೆರೆ ಇದೆ, ಅದಕ್ಕಿಂತ ಹಿಂದಿನದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲಿನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು. ಹೀಗಾಗಿಯೇ ಈಗ ಏಳನೇ ತಲೆಮಾರಿನ ಐ7 ಯಂತ್ರಗಳು ತೀರಾ ಅಗ್ಗದ ಬೆಲೆಗೆ ಸಿಗುತ್ತಿವೆ. ಅಂಥದ್ದರಲ್ಲಿ ವಿಂಡೋಸಿನ ಬದಲು ಉಬುಂಟು ಹಾಕಿಕೊಂಡು ಪ್ರೋಗ್ರಾಮಿಂಗ್ ಕಲಿಯುವವರಿಗೆ ತೊಂದರೆ ಇಲ್ಲ, ವರ್ಡ್-ಎಕ್ಸೆಲ್ ಬದಲಿಗೆ ಲಿಬ್ರೆ ಆಫೀಸನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಆಟೋಕ್ಯಾಡ್ ಬೇಕಾದವರಿಗೆ ಅದು ಆಗುವುದಿಲ್ಲ.

ಹಳೆಯ ಯಂತ್ರವನ್ನು ಕೈಗೆ ತಗೊಂಡಾಗ ವಿಂಡೋಸಿನ ಪವರ್‌ಸಿಎಫ್‌ಜಿ (powercfg /batteryreport) ಕಮಾಂಡಿನಿಂದ ಬ್ಯಾಟರಿ ರಿಪೋರ್ಟ್ ತೆಗೆಸಿ. ಹುಟ್ಟಿದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಬಯೋಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಸೆಟ್ಟಿಂಗ್ ಪುಟ, ತೆರೆದು ನೋಡಿ, ಪಾಸ್‌ವರ್ಡ್ ಕೇಳಿದರೆ ಅದು ಹಳೆಯ ಕಂಪನಿಯ ಬೀಗ, ಬಿಟ್ಟು ಬನ್ನಿ. ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ.

ಇದಕ್ಕಿಂತಲೂ ಒಳ್ಳೆಯ ದಾರಿ ನಮ್ಮ ಕಾಲೇಜುಗಳ ಒಳಗೇ ಇದೆ, ಯಾಕೋ ಯಾರೂ ಅದನ್ನು ನೆನೆಯುವುದಿಲ್ಲ. ಕೊನೆಯ ವರ್ಷದವರು ಪರೀಕ್ಷೆ ಮುಗಿಸಿ ಹೋಗುವ ಹೊತ್ತಿಗೂ ಹೊಸಬರು ಸೇರುವ ಹೊತ್ತಿಗೂ ನಡುವೆ ಹೆಚ್ಚು ಅಂತರವಿಲ್ಲ. ಕೆಲಸ ಸಿಕ್ಕವರಿಗೆ ಎಷ್ಟೋ ಸಲ ಕಂಪನಿಯೇ ಯಂತ್ರ ಕೊಡುತ್ತದೆ, ಹಳೆಯದು ಮನೆಯ ಅಲಮಾರಿ ಸೇರುತ್ತದೆ. ಅದನ್ನೇ ಕೆಳಗಿನ ವರ್ಷದ ತಂಗಿಯೋ ತಮ್ಮನೋ ಕೊಂಡರೆ, ಅದರ ಪೂರ್ತಿ ಚರಿತ್ರೆ ಹೇಳುವವರು ಎದುರಿಗೇ ಇರುತ್ತಾರೆ: ಯಾವಾಗ ಬಿತ್ತು, ಯಾವಾಗ ಕೀಬೋರ್ಡ್ ಬದಲಾಯಿತು, ನಮ್ಮ ಸಿಲೆಬಸ್ಸಿನ ಯಾವ ಸಾಫ್ಟ್‌ವೇರ್ ಅದರಲ್ಲಿ ಓಡಿತು, ಯಾವುದು ಓಡಲಿಲ್ಲ. ನಮ್ಮ ಲ್ಯಾಬಿನ ನೋಟಿಸ್ ಬೋರ್ಡಿನ ಒಂದು ಮೂಲೆಯನ್ನು ಇದಕ್ಕೆಂದೇ ಬಿಟ್ಟಿದ್ದೇವೆ. ಮಾರುವವರು ಮಾಡೆಲ್, ರ‍್ಯಾಮ್, ಬ್ಯಾಟರಿ ರಿಪೋರ್ಟಿನ ಎರಡು ಅಂಕಿ ಬರೆದು ಹಚ್ಚುತ್ತಾರೆ. ಬನಹಟ್ಟಿಯ ಆ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ, ಅದೇ ಯಂತ್ರ, ಒಂದು ಸಲ ಬ್ಯಾಟರಿ ಬದಲಾಗಿದೆ. ಆಕೆಯೂ ಅಲ್ಲಿ ಚೀಟಿ ಹಚ್ಚುತ್ತೇನೆ ಅಂದಿದ್ದಾಳೆ.

ಹೀಗೆ ಕೈ ಬದಲಾಯಿಸುವವರು ಒಂದು ಕೆಲಸ ಮರೆಯಬಾರದು. ವಿಂಡೋಸ್ 11ರ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ, ಅದರ ರಿಕವರಿ ಕೀ ಇರುವುದು ಮಾರಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅವರು ಊರು ಬಿಟ್ಟು ಹೋದ ಮೇಲೆ ಬೋರ್ಡ್ ರಿಪೇರಿಯಾಗಿ ಆ ಕೀ ಕೇಳಿತೆಂದರೆ ಫೈಲುಗಳೆಲ್ಲ ಒಳಗೇ ಉಳಿಯುತ್ತವೆ. ದುಡ್ಡು ಕೊಡುವ ಮೊದಲು ಮಾರುವವರ ಎದುರಿಗೇ ಯಂತ್ರವನ್ನು ಪೂರ್ತಿ ರೀಸೆಟ್ ಮಾಡಿಸಿ, ಅವರ ಖಾತೆಯಿಂದ ಆ ಯಂತ್ರದ ಹೆಸರು ತೆಗೆಸಿ, ನಿಮ್ಮ ಖಾತೆಯಿಂದ ಒಳಗೆ ಹೋಗಿ, ಹೊಸ ಕೀಯನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಬಿಲ್ಲನ್ನೂ ಕೇಳಿ ಇಸಿದುಕೊಳ್ಳಿ.